ಮೂರೇ ಚಿತ್ರ ನೋಡಿ ಬನ್ನಿ

ಯುರೋಪಿನ ಪ್ಯಾಕೇಜ್ ಟೂರಿನಲ್ಲಿ ಮ್ಯೂಸಿಯಂಗೆ ಸಿಗುವುದು ಹೆಚ್ಚೆಂದರೆ ಎರಡು ಗಂಟೆ. ಅಷ್ಟರಲ್ಲಿ ಎಲ್ಲವನ್ನೂ ನೋಡಿಬಿಡಬೇಕೆಂದು ಕೋಣೆಯಿಂದ ಕೋಣೆಗೆ ಓಡಿದವರಿಗೆ ಉಳಿಯುವುದು ಕಾಲುನೋವು, ಮೊಬೈಲ್ ತುಂಬ ಫೋಟೊ. ಎರಡು ಗಂಟೆ ಕಡಿಮೆಯೇನಲ್ಲ, ಮೂರು ಚಿತ್ರಗಳಿಗೆ ಧಾರಾಳವಾಯಿತು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದಿಷ್ಟೆ: ಮೂರು ಚಿತ್ರ ಆರಿಸಿಕೊಳ್ಳಿ, ಉಳಿದವನ್ನು ಬಿಟ್ಟುಬಿಡಿ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯನ್ನೇ ನೋಡಿ. 1824ರಲ್ಲಿ 38 ಚಿತ್ರಗಳಿಂದ ಶುರುವಾದ ಸಂಗ್ರಹ ಈಗ ಎರಡು ಸಾವಿರ ದಾಟಿದೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಈ ಚಿತ್ರಗಳನ್ನೆಲ್ಲ ಲಂಡನ್ನಿನಿಂದಾಚೆಗೆ ಸಾಗಿಸಿದ್ದರು. ಕೊನೆಗೆ ವೇಲ್ಸಿನ ಮ್ಯಾನೊಡ್ ಬೆಟ್ಟದ ಕಲ್ಲಿನ ಗಣಿಯೊಳಗೆ ಅವನ್ನು ಬಚ್ಚಿಟ್ಟರು. ಗ್ಯಾಲರಿಯ ಗೋಡೆಗಳು ಬರಿದಾದವು. ಜನ ಚಿತ್ರ ಬೇಕೆಂದು ಕೇಳಿದಾಗ 1942ರಲ್ಲಿ ತಿಂಗಳಿಗೊಂದರಂತೆ ತಂದು ತೂಗುಹಾಕತೊಡಗಿದರು. ಆ ಒಂದೇ ಚಿತ್ರಕ್ಕಾಗಿ ಜನ ಬರುತ್ತಿದ್ದರು. ನೋಡುವುದಕ್ಕೆ ಒಂದು ಚಿತ್ರ ಸಾಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಸೇನ್ಸ್‌ಬರಿ ವಿಂಗ್ ಕಡೆಯಿಂದ ಒಳಗೆ ಹೋದರೆ ಹಳೆಯ ಕಾಲದ ಚಿತ್ರಗಳು ಅಲ್ಲೇ ಇವೆ. ಮೊದಲ ಚಿತ್ರ ಯಾನ್ ವಾನ್ ಐಕ್ ಬರೆದ ಆರ್ನೊಲ್ಫಿನಿ ದಂಪತಿಯದು. ಅದು ಎಷ್ಟು ಚಿಕ್ಕದೆಂದು ಪುಸ್ತಕದಲ್ಲಿ ನೋಡಿದವರಿಗೆ ಅಂದಾಜಿರುವುದಿಲ್ಲ. ಎತ್ತರ 82 ಸೆಂಟಿಮೀಟರ್, ಅಗಲ 60. ಓಕ್ ಹಲಗೆಯ ಮೇಲೆ ತೈಲವರ್ಣ. ಮುಂದೆ ಜನ ಇದ್ದರೆ ಕಾಯಿರಿ, ಸ್ವಲ್ಪ ಹೊತ್ತಿನಲ್ಲೇ ಸರಿದುಹೋಗುತ್ತಾರೆ.

ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡಿ. ಎಡಗಡೆ ಕಿಟಕಿ. ಅಲ್ಲಿಂದ ಹೊರಟ ಬೆಳಕು ಕಿಟಕಿಯಂಚಿನ ಕಿತ್ತಳೆ ಹಣ್ಣನ್ನು ಮುಟ್ಟಿ, ಗಂಡಸಿನ ಕೆನ್ನೆ ಸವರಿ, ಹೆಂಗಸಿನ ಬಿಳಿ ಶಿರವಸ್ತ್ರದ ಮೇಲೆ ನಿಲ್ಲುತ್ತದೆ. ಚಳಿನಾಡಿನಲ್ಲಿ ಕಿತ್ತಳೆ ಅಂದರೆ ಆಗ ದುಬಾರಿ ಸರಕು; ಅದನ್ನು ಕಾಣುವಂತೆ ಇಟ್ಟಿರುವುದು ಮನೆಯವರ ಅಂತಸ್ತಿಗೆ ಗುರುತು. ಕಿಟಕಿಯಾಚೆ ಚೆರಿ ಮರದಲ್ಲಿ ಹಣ್ಣು ಬಿಟ್ಟಿದೆ, ಅಂದರೆ ಬೇಸಿಗೆ. ಆದರೂ ಇಬ್ಬರ ಉಡುಪಿಗೂ ತುಪ್ಪಳದ ಅಂಚು. ಹೆಂಗಸು ಬಸುರಿ ಎಂದು ಹೆಚ್ಚಿನವರು ತಿಳಿಯುತ್ತಾರೆ. ಹಾಗಲ್ಲ, ಅವಳು ಹಸಿರು ನಿಲುವಂಗಿಯ ರಾಶಿ ಬಟ್ಟೆಯನ್ನು ಹೊಟ್ಟೆಯ ಹತ್ತಿರ ಎತ್ತಿ ಹಿಡಿದಿದ್ದಾಳೆ. ಆ ಹಸಿರಿನ ಆಳ ನೋಡಿ. ತೆಳುವಾದ, ಬೆಳಕು ದಾಟುವಂಥ ಬಣ್ಣವನ್ನು ಪದರದ ಮೇಲೆ ಪದರವಾಗಿ ಹಚ್ಚಿದ್ದಾನೆ. ಬೆಳಕು ಆ ಪದರಗಳನ್ನು ದಾಟಿ, ಅಡಿಯ ಬಿಳಿ ಲೇಪಕ್ಕೆ ತಾಗಿ ಮರಳಿ ಬರುವುದರಿಂದಲೇ ಬಣ್ಣ ಒಳಗಿನಿಂದ ಹೊಳೆದಂತಿದೆ. ಫೋಟೊದಲ್ಲಿ ಇದು ಬರುವುದಿಲ್ಲ. ಅಷ್ಟು ದೂರ ಹೋಗಿ ಮೂಲಚಿತ್ರದ ಎದುರು ನಿಲ್ಲಬೇಕಾದದ್ದು ಇದಕ್ಕೇ.

ಇನ್ನು ಹಿಂದಿನ ಗೋಡೆಯ ಗುಂಡುಗನ್ನಡಿ. ಅದರ ಚೌಕಟ್ಟಿನ ಸುತ್ತ ಹತ್ತು ಪುಟ್ಟ ಬಿಲ್ಲೆಗಳಲ್ಲಿ ಕ್ರಿಸ್ತನ ಕಡೆಯ ದಿನಗಳ ಕಥೆಯಿದೆ. ಕನ್ನಡಿಯೊಳಗೆ ದಂಪತಿಯ ಬೆನ್ನು ಕಾಣುತ್ತದೆ, ಅವರಾಚೆ ಬಾಗಿಲಲ್ಲಿ ಇನ್ನಿಬ್ಬರು ನಿಂತಿದ್ದಾರೆ. ಅವರು ನಿಂತಿರುವುದು ಈಗ ನೀವು ನಿಂತಿರುವ ಕಡೆಗೇ. ಕನ್ನಡಿಯ ಮೇಲೆ ಗೋಡೆಗೆ ಬರೆದಂತೆ ಲ್ಯಾಟಿನ್ ಸಾಲು: ಯಾನ್ ವಾನ್ ಐಕ್ ಇಲ್ಲಿದ್ದ, 1434. ಇದು ಮದುವೆಯ ಚಿತ್ರವೋ, ತೀರಿಕೊಂಡ ಹೆಂಡತಿಯ ನೆನಪಿಗೆ ಬರೆಸಿದ್ದೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಹಗಲು ಹೊತ್ತಿನಲ್ಲಿ ತೂಗುದೀಪದಲ್ಲಿ ಒಂದೇ ಮೇಣದಬತ್ತಿ ಏಕೆ ಉರಿಯುತ್ತಿದೆ? ನೀವೂ ಒಂದು ಉತ್ತರ ಯೋಚಿಸಿ.

ಎರಡನೆಯದಕ್ಕೆ ಕಣ್ಣಿನ ಜೊತೆ ಕಾಲೂ ಬೇಕು. ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ 'ರಾಯಭಾರಿಗಳು' ಎರಡು ಮೀಟರಿಗೂ ಎತ್ತರದ ಚಿತ್ರ. ಇಬ್ಬರು ಫ್ರೆಂಚ್ ಗಣ್ಯರು, ನಡುವೆ ಗೋಳ, ಬಿಸಿಲುಗಡಿಯಾರ, ತಂತಿ ಹರಿದ ಒಂದು ಲ್ಯೂಟ್ ವಾದ್ಯ. ಎಡಗಡೆಯವನ ಕಠಾರಿಯ ಒರೆಯ ಮೇಲೆ ಅವನ ವಯಸ್ಸು 29 ಎಂದು ಬರೆದಿದೆ. ಅವರ ಕಾಲಬುಡದಲ್ಲಿ ಅಡ್ಡಡ್ಡ ಎಳೆದ ಬೂದು ಆಕಾರವೊಂದಿದೆ. ಎದುರು ನಿಂತರೆ ಏನೆಂದು ತಿಳಿಯುವುದಿಲ್ಲ. ಚಿತ್ರದ ಬಲಪಕ್ಕಕ್ಕೆ, ಗೋಡೆಯ ಹತ್ತಿರಕ್ಕೆ ಹೋಗಿ ಓರೆಯಾಗಿ ನೋಡಿ: ಅದು ತಲೆಬುರುಡೆ. ಬುರುಡೆ ಸರಿಯಾಗಿ ಕಂಡಾಗ ಗಣ್ಯರಿಬ್ಬರೂ ಸೊಟ್ಟಗಾಗುತ್ತಾರೆ.

ಮೂರನೆಯದು ಟರ್ನರ್ 1839ರಲ್ಲಿ ಪ್ರದರ್ಶಿಸಿದ 'ಫೈಟಿಂಗ್ ಟೆಮೆರೇರ್'. 1805ರ ಟ್ರಫಾಲ್ಗರ್ ಯುದ್ಧದಲ್ಲಿ ಕಾದಿದ ಹಡಗನ್ನು ಒಡೆದುಹಾಕಲು ಉಗಿದೋಣಿ ಎಳೆದೊಯ್ಯುತ್ತಿದೆ. ಈ ಚಿತ್ರ ಇರುವ ಗ್ಯಾಲರಿ ನಿಂತಿರುವುದೂ ಟ್ರಫಾಲ್ಗರ್ ಚೌಕದಲ್ಲೇ. ಇಲ್ಲಿ ಹಿಂದೆ ಸರಿಯಿರಿ, ಆಮೇಲೆ ಹತ್ತಿರ ಹೋಗಿ. ದೂರದಿಂದ ಸೂರ್ಯಾಸ್ತವಾಗಿದ್ದದ್ದು ಹತ್ತಿರದಲ್ಲಿ ದಪ್ಪಗೆ ಮೆತ್ತಿದ ಬಣ್ಣವಾಗುತ್ತದೆ. ನಿಮ್ಮಲ್ಲಿ ಇಪ್ಪತ್ತು ಪೌಂಡಿನ ನೋಟಿದ್ದರೆ ತೆಗೆದು ನೋಡಿ, ಟರ್ನರ್ ಹಿಂದೆ ಇದೇ ಹಡಗಿದೆ.

ಕ್ರೈಸ್ತ ಚಿತ್ರಗಳು ನಮಗೆ ತಿಳಿಯುವುದಿಲ್ಲ ಎಂದು ಹಿಂಜರಿಯಬೇಡಿ. ಬೇಲೂರಿನಲ್ಲಿ ಶಂಖಚಕ್ರ ಕಂಡರೆ ವಿಷ್ಣು ಎನ್ನುವವರಿಗೆ ಈ ಭಾಷೆ ಅರ್ಧ ಬಂದ ಹಾಗೆಯೇ. ಕೈಯಲ್ಲಿ ಬೀಗದಕೈ ಇದ್ದರೆ ಸಂತ ಪೀಟರ್, ಪಕ್ಕದಲ್ಲಿ ಸಿಂಹವಿದ್ದರೆ ಜೆರೋಮ್, ಮುಳ್ಳುಚಕ್ರವಿದ್ದರೆ ಕ್ಯಾಥರೀನ್, ಮೈತುಂಬ ಬಾಣ ನೆಟ್ಟಿದ್ದರೆ ಸೆಬಾಸ್ಟಿಯನ್.

ಚಿತ್ರವನ್ನು ಕಣ್ತುಂಬ ನೋಡಿದ ಮೇಲೆ ಪಕ್ಕದ ಲೇಬಲ್ ಓದಿ. ಅದು ಇಲ್ಲಿಗೆ ಹೇಗೆ ಬಂತು ಎನ್ನುವ ಸಾಲನ್ನು ಯಾರೂ ಗಮನಿಸುವುದಿಲ್ಲ. ಆರ್ನೊಲ್ಫಿನಿ ಚಿತ್ರವನ್ನು ಕೊಂಡದ್ದು 1842ರಲ್ಲಿ. ಅದಕ್ಕೆ ಮುಂಚೆ ಅದು ಸ್ಪೇನಿನ ಅರಮನೆಯಲ್ಲಿತ್ತು. ನೆಪೋಲಿಯನ್ ಕಾಲದ ಯುದ್ಧದಲ್ಲಿ, ಬಹುಶಃ 1813ರ ವಿತೋರಿಯಾ ಕದನದ ಗದ್ದಲದಲ್ಲಿ, ಅಲ್ಲಿಂದ ಹೊರಬಿದ್ದು ಸ್ಕಾಟ್ಲೆಂಡಿನ ಸೇನಾಧಿಕಾರಿಯೊಬ್ಬನ ಕೈ ಸೇರಿತು. ವಿತೋರಿಯಾದಲ್ಲಿ ಬ್ರಿಟಿಷರ ದಂಡನಾಯಕ ವೆಲಿಂಗ್ಟನ್, ಅಂದರೆ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಅಲ್ಲಿಂದ ತಂದ ಟಿಪ್ಪುವಿನ ಮರದ ಹುಲಿ ಇದೇ ಊರಿನ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹುಲಿಯ ಹೊಟ್ಟೆಯೊಳಗೆ ವಾದ್ಯವಿದೆ. ಹಿಡಿ ತಿರುಗಿಸಿದರೆ ಅಡಿಯಲ್ಲಿ ಬಿದ್ದ ಬಿಳಿಯನ ಕೈ ಮೇಲೇಳುವಂತೆ, ಅವನು ನರಳುವಂತೆ ಮಾಡಿದ್ದಾರೆ. ಇಷ್ಟು ದೂರ ಹೋದ ಕನ್ನಡಿಗರು ಅದನ್ನು ನೋಡದೆ ಬರಬಾರದು. ಎಲ್ಲಿ ಮಾಡಿದ್ದು, ಹೇಗೆ ಹೋಯಿತು ಎಂಬುದನ್ನು ಮಕ್ಕಳಿಗೂ ಹೇಳಬೇಕು.

ಹೊರಡುವ ಮುಂಚೆ ಗ್ಯಾಲರಿಯ ವೆಬ್‌ಸೈಟಿನಲ್ಲಿ ನಿಮ್ಮ ಚಿತ್ರ ಪ್ರದರ್ಶನದಲ್ಲಿದೆಯೇ ಎಂದು ನೋಡಿಕೊಳ್ಳಿ, ಬೇರೆ ಊರಿಗೆ ಕಳಿಸಿರುವುದುಂಟು. ದೊಡ್ಡ ಬ್ಯಾಗು ಬೇಡ, ಫ್ಲ್ಯಾಶ್ ಬೇಡ. ಪ್ಯಾರಿಸ್ಸಿಗೂ ಹೋಗುವವರು ಲೂವ್ರ್‌ಗೆ ಮಂಗಳವಾರ ರಜೆ, ಓರ್ಸೆಗೆ ಸೋಮವಾರ ರಜೆ ಎಂಬುದನ್ನು ನೆನಪಿಡಿ. ನ್ಯಾಷನಲ್ ಗ್ಯಾಲರಿಗೂ ಟಿಪ್ಪುವಿನ ಹುಲಿಯಿರುವ ಮ್ಯೂಸಿಯಂಗೂ ಪ್ರವೇಶ ಉಚಿತ. ಗ್ಯಾಲರಿ ಶುಕ್ರವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಮಗನ ಮನೆಗೋ ಮಗಳ ಮನೆಗೋ ಹೋಗಿ ಕೆಲವು ವಾರ ಲಂಡನ್ನಿನಲ್ಲಿ ಇರುವವರು ಅಲ್ಲಿಗೆ ಮತ್ತೆ ಮತ್ತೆ ಹೋಗಿ, ಪ್ರತಿ ಸಲ ಹೊಸ ಮೂರು ಚಿತ್ರ ಆರಿಸಿಕೊಳ್ಳಿ.