ಆರು ಮೀಟರಿನ ತೋಳು

ಇಸ್ರೋದ ಸೌರ ನೌಕೆ ಆದಿತ್ಯ-ಎಲ್1 ಎಂದರೆ ನಮ್ಮವರು ಮೊದಲು ಕೇಳುವುದು ಚಿತ್ರ. ಹೀಗಾಗಿ ಹೊಗಳಿಕೆಯೆಲ್ಲ ಸೂರ್ಯನ ಪ್ರಭಾವಲಯ ನೋಡುವ ಉಪಕರಣ ವಿಇಎಲ್‌ಸಿ ಪಾಲಾಯಿತು. ಕಾಂತಕ್ಷೇತ್ರ ಅಳೆಯುವ, ಚಿತ್ರ ಕೊಡದ ಮ್ಯಾಗ್ನೆಟೋಮೀಟರ್ ಬಗ್ಗೆ ಬರೆದವರೂ 2024ರ ಜನವರಿ 11ರಂದು ಅದರ 6 ಮೀಟರ್ ತೋಳು 9 ಸೆಕೆಂಡಿನಲ್ಲಿ ಬಿಚ್ಚಿಕೊಂಡಿತೆಂದು ಬರೆದು ಕೈತೊಳೆದುಕೊಂಡರು. ಅಷ್ಟುದ್ದದ ತೋಳು ಯಾಕೆ ಬೇಕಿತ್ತು ಎಂದು ಕೇಳಿದವರು ಕಡಿಮೆ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರನ್ನು ಕೇಳಬಹುದಿತ್ತು. ಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಥರ್ಮಾಮೀಟರನ್ನು ಬಿಸಿ ಕೊಳವೆಗೆ ಒತ್ತಿ ತೂಗುಹಾಕಿದರೆ ಅದು ಕೊಳವೆಯ ಬಿಸಿ ಹೇಳುತ್ತದೆ, ಸೊಪ್ಪಿನದಲ್ಲ. ನೌಕೆಯ ವೈರು, ಮೋಟಾರುಗಳೂ ತಮ್ಮದೇ ಕಾಂತಕ್ಷೇತ್ರ ಹುಟ್ಟಿಸುತ್ತವೆ. ನಮ್ಮ ಕಾಲಡಿಯ ಭೂಮಿಯ ಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ. ಸೂರ್ಯ-ಭೂಮಿಯ ನಡುವೆ ನೌಕೆ ಇರುವ ಎಲ್1 ಬಿಂದುವಿನಲ್ಲಿ ಸೌರಮಾರುತ ಹೊತ್ತು ತರುವುದು ಸಾಮಾನ್ಯವಾಗಿ 5ರ ಆಸುಪಾಸು. ಅದರೊಳಗಿನ ಸಣ್ಣ ಏರಿಳಿತ ಒಂದಕ್ಕೂ ಕಡಿಮೆ. ಅದಕ್ಕೇ ಬೆಂಗಳೂರಿನ ಲಿಯೋಸ್ ಪ್ರಯೋಗಾಲಯ 3 ಮೀಟರಿನಲ್ಲಿ ಒಂದು, ತುದಿಯಲ್ಲಿ ಒಂದು ಸಂವೇದಕ ಕೂರಿಸಿತು. ಹೊರಗಿನ ಕ್ಷೇತ್ರ ಎರಡಕ್ಕೂ ಸಮ. ನೌಕೆಯ ಕೊಳಕು ಮಾತ್ರ ದೂರ ಇಮ್ಮಡಿಸಿದರೆ ಹೆಚ್ಚುಕಮ್ಮಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಎರಡರ ವ್ಯತ್ಯಾಸದಿಂದ ಕೊಳಕಿನ ಅಂದಾಜು ಸಿಗುತ್ತದೆ. ಅದನ್ನು ಕಳೆದರೆ ಉಳಿದದ್ದು ಸೂರ್ಯನದು. (ಮೂಲ ಒಂದೇ ಇದ್ದರೆ ಲೆಕ್ಕ ಸಲೀಸು. ನೌಕೆಯಲ್ಲಿ ಹತ್ತಾರು.) ಇಡೀ ಉಪಕರಣದ ಜಾಣ್ಮೆ ಈ ಕಳೆಯುವ ಲೆಕ್ಕದಲ್ಲಿದೆ.

ಇದನ್ನೆಲ್ಲ 1994ರ ವಿಂಡ್, 1997ರ ಏಸ್ ನೌಕೆಗಳು ಅಳೆದಾಗಿದೆಯಲ್ಲ ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಅವರು ಕೆ.ಆರ್. ನಗರದ ಕಡೆ ಚಾಮರಾಜ ನಾಲೆಯ ದಂಡೆಯಲ್ಲಿ ಒಂದು ಗಳಿಗೆ ನಿಲ್ಲಲಿ. ಕಣ್ಣೆದುರು ಕಂಡ ಸುಳಿ ಮೇಲಿಂದ ತೇಲಿಬಂದದ್ದೋ, ಅಲ್ಲೇ ಹುಟ್ಟಿದ್ದೋ? ಒಬ್ಬನೇ ನಿಂತು ನೋಡಿದರೆ ತಿಳಿಯದು. ಸೌರಮಾರುತದ ಸೆಕೆಂಡಿಗೆ 400 ಕಿ.ಮೀ. ಹರಿವಿನಲ್ಲೂ ಒಂದು ಸೆಕೆಂಡಿನ ಏರಿಳಿತವನ್ನು 400 ಕಿ.ಮೀ. ಅಗಲದ ಸುಳಿ ಎಂದು ಓದುವುದು ರೂಢಿ. ದಾಟುವಷ್ಟರಲ್ಲಿ ಸುಳಿ ಬದಲಾಗಲಿಲ್ಲ ಎಂದು ನಂಬಿಕೊಂಡು. ಅಳತೆ ಸಣ್ಣದಾದಷ್ಟೂ ಆ ನಂಬಿಕೆ ಅಲುಗುತ್ತದೆ. ದಂಡೆಗೆ ಇನ್ನೊಬ್ಬ ಬಂದು ನಿಂತರೆ ಅದು ಪುನರಾವರ್ತನೆ ಹೇಗಾದೀತು? 2024ರ ಮೇ ತಿಂಗಳ ಸೌರ ಬಿರುಗಾಳಿಯೊಳಗೆ ಸುಮಾರು 13 ಲಕ್ಷ ಕಿ.ಮೀ. ಹರವಿನಲ್ಲಿ ಕಾಂತ ಬಲರೇಖೆಗಳು ಕಡಿದು ಕೂಡಿಕೊಂಡದ್ದು ತಿಳಿದದ್ದು ಆದಿತ್ಯ ಮತ್ತು ಇತರ ನೌಕೆಗಳ ಅಳತೆಗಳನ್ನು ಜೋಡಿಸಿದಾಗಲೇ.

ಆದರೂ ಎಲ್1ರ ನೆರೆಹೊರೆಯವರ ನಡುವಿನ ದೂರವೇ ಲಕ್ಷದ ಲೆಕ್ಕದ್ದು. 400 ಕಿ.ಮೀ. ಸುಳಿಯ ಆಕಾರ ಹಿಡಿಯಲು 2000ದಲ್ಲಿ ಹಾರಿದ ಕ್ಲಸ್ಟರ್‌ನಂತೆ ನಾಲ್ಕು ನೌಕೆ ಒತ್ತೊತ್ತಾಗಿ ಹೋಗಬೇಕು. ಇಸ್ರೋದ ಮುಂದಿನ ತೋಳುಗಳು ಅಂಥ ಗುಂಪಿಗೆ ಸೇರಲಿ.