‘ಏನಿಲ್ರಿ, ಮನ್ಯಾಗ ಇರ್ತೇನಿ’

ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಎರೆಹೊಲದಲ್ಲಿ ದಿನವಿಡೀ ಹತ್ತಿ ಬಿಡಿಸಿ ಬಂದ ಹೆಂಗಸನ್ನು ‘ಏನ್ ಕೆಲಸ ಮಾಡ್ತೀರಿ?’ ಎಂದು ಕೇಳಿ. ಕೂಲಿಗೆ ಹೋದವಳಾದರೆ ಹೇಳುತ್ತಾಳೆ. ಹೊಲ ಮನೆಯದೇ ಆದರೆ ಬಹಳ ಸಲ ಬರುವ ಉತ್ತರ, ‘ಏನಿಲ್ರಿ, ಮನ್ಯಾಗ ಇರ್ತೇನಿ.’ ಕೇಂದ್ರ ಸರ್ಕಾರ 2017ರಿಂದ ನಡೆಸುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ವರದಿಗಳನ್ನು ನಾನು ಈ ಉತ್ತರವನ್ನು ಮಗ್ಗುಲಲ್ಲಿಟ್ಟುಕೊಂಡೇ ಓದುತ್ತೇನೆ.

ದೇಶದಲ್ಲಿ 15 ವರ್ಷ ತುಂಬಿದ ಹೆಂಗಸರಲ್ಲಿ ದುಡಿಯುವ ಇಲ್ಲವೆ ಕೆಲಸ ಹುಡುಕುವವರ ಪಾಲು 2017-18ರಲ್ಲಿ ಶೇ 23.3 ಇತ್ತು, 2023-24ಕ್ಕೆ ಶೇ 41.7 ಆಯಿತು. ಹಳ್ಳಿಗಳಲ್ಲಿ ಶೇ 24.6 ಇದ್ದದ್ದು 47.6ಕ್ಕೆ ಏರಿತು. ಇದನ್ನು ಪ್ರಗತಿ ಎಂದು ಸಾರಿದವರು ಒಳಗಿನ ಕೋಷ್ಟಕವನ್ನೂ ತೋರಿಸಬೇಕಿತ್ತು. ದುಡಿಯುವ ಹೆಂಗಸರ ಪೈಕಿ ಖಾಯಂ ಸಂಬಳದವರು ಇದೇ ಅವಧಿಯಲ್ಲಿ ಶೇ 21ರಿಂದ 15.9ಕ್ಕೆ ಇಳಿದಿದ್ದಾರೆ. ಬೆಳೆದದ್ದು ಸ್ವಂತ ಉದ್ಯೋಗದ ಸಾಲು. ಅದರೊಳಗೆ ಅರ್ಧಕ್ಕೂ ಹೆಚ್ಚು ಮಂದಿ ಮನೆಯ ಹೊಲ, ಮಗ್ಗ, ಅಂಗಡಿಯಲ್ಲಿ ಪಗಾರವಿಲ್ಲದೆ ದುಡಿಯುವ ‘ಸಹಾಯಕಿ’ಯರು. ಇವರೆಲ್ಲ ಹೊಸದಾಗಿ ದುಡಿಮೆಗೆ ಇಳಿದವರೆಂದು ನಂಬಲಾರೆ. ಮೊದಲೂ ದುಡಿಯುತ್ತಿದ್ದ ಎಷ್ಟೋ ಮಂದಿ ಈಗ ಲೆಕ್ಕಕ್ಕೆ ಸಿಕ್ಕಿದ್ದಾರೆ ಎಂಬುದು ನನ್ನ ಓದು.

ರಾಮದುರ್ಗದ ನೇಕಾರರ ಮನೆಗೆ ಬನ್ನಿ. ಮಗ್ಗದಲ್ಲಿ ಕೂತವನನ್ನು ನೇಕಾರ ಎನ್ನುತ್ತೇವೆ. ಗೋಡೆಗೆ ಆನಿಕೊಂಡು ಕೂತು ರಾಟಿ ತಿರುವಿ ಲಾಳಿಯ ಕಂಡಕಿಗೆ ನೂಲು ಸುತ್ತುವವಳಿಗೆ ಹೆಸರಿಲ್ಲ. ಅವಳು ಎದ್ದು ಹೋದರೆ ಸ್ವಲ್ಪ ಹೊತ್ತಿಗೆ ಲಾಳಿ ಬರಿದಾಗಿ ಮಗ್ಗ ನಿಲ್ಲುತ್ತದೆ. ಸೀರೆಯ ಮಜೂರಿ ಮಾತ್ರ ಒಬ್ಬನ ಲೆಕ್ಕಕ್ಕೆ. ಸಮೀಕ್ಷೆಯ ನಿಯಮದಲ್ಲಿ ಅವಳಿಗೆ ಜಾಗವಿದೆ: ಸಂಕೇತ 21, ಮನೆಯ ಉದ್ದಿಮೆಯ ಸಹಾಯಕಿ. ಕೇಳುವವರು ರಾಟಿಯನ್ನು ನೋಡದೆ ಬಾಯಿಮಾತನ್ನಷ್ಟೇ ಬರೆದುಕೊಂಡರೆ ಅವಳು 92 ಆಗುತ್ತಾಳೆ, ಬರೀ ಮನೆಗೆಲಸದವಳು.

ಇನ್ನೊಂದು ಸಂಕೇತವಿದೆ, 93. ಮನೆಗೆಲಸದ ಜೊತೆಗೆ ಕಟ್ಟಿಗೆ, ಸೊಪ್ಪು, ದನದ ಮೇವು ಪುಕ್ಕಟೆ ಆಯ್ದು ತರುವವರು, ಮನೆಮಂದಿಗೆ ಹೊಲಿಯುವವರು ಇದರಲ್ಲಿ. ಸವದತ್ತಿಯ ಒಣಬೇಸಾಯದ ಹಳ್ಳಿಯಲ್ಲಿ ಎಮ್ಮೆಯ ಹಾಲು ಕರೆದು ಡೈರಿಗೆ ಹಾಕಿದರೆ ಅದು ದುಡಿಮೆ. ಬದುವಿನಿಂದ ಹುಲ್ಲಿನ ಹೊರೆ ಹೊತ್ತು ತಂದದ್ದಷ್ಟೇ ಆದರೆ ಅವಳು ‘ಕಾರ್ಮಿಕ ಬಲದ ಹೊರಗಿನವಳು’. ಚಳಿಗಾಲದ ಕೌದಿ ಹೊಲಿದವಳೂ ಹೊರಗೆ. ಈ ಗೆರೆ ತಪ್ಪು ಎಂದೇ ನನ್ನ ವಾದ. ಹುಲ್ಲಿಲ್ಲದೆ ಎಮ್ಮೆ ಹಾಲು ಕೊಡುವುದಿಲ್ಲ.

ಸಮೀಕ್ಷೆಯ ಒಂದು ಗುಣವನ್ನು ಒಪ್ಪಲೇಬೇಕು. ವರ್ಷದಲ್ಲಿ 30 ದಿನ ದುಡಿದರೂ ಪೂರಕ ಕೆಲಸವೆಂದು ಅದು ಎಣಿಸುತ್ತದೆ. ಹತ್ತಿ ಸುಗ್ಗಿಯವರಿಗೆ, ಬನದ ಹುಣ್ಣಿಮೆಯಿಂದ ಭರತ ಹುಣ್ಣಿಮೆಯವರೆಗೆ ಯಲ್ಲಮ್ಮನ ಗುಡ್ಡದಲ್ಲಿ ಬಳೆ, ಭಂಡಾರ ಮಾರುವವರಿಗೆ ಆ ಬಾಗಿಲು ಬೇಕಿತ್ತು.

2025ರ ಜನವರಿಯಿಂದ ಮಾದರಿಯನ್ನು ಜಿಲ್ಲೆಯ ಆಧಾರದಲ್ಲಿ ಆರಿಸುತ್ತಿದ್ದಾರೆ. ಒಳ್ಳೆಯ ಹೆಜ್ಜೆ. ಆದರೂ ಮಲೆನಾಡಿನ ಸೆರಗಿನ ಕಿತ್ತೂರಿನಲ್ಲಿ ಭತ್ತ ನಾಟಿ ಮಾಡುವವಳೂ ರಾಮದುರ್ಗದಲ್ಲಿ ರಾಟಿಯ ಮುಂದೆ ಕೂತವಳೂ ‘ಬೆಳಗಾವಿ’ ಎಂಬ ಒಂದೇ ಸಾಲಿನಲ್ಲಿ ಕರಗುತ್ತಾರೆ. ಆ ಸಾಲನ್ನು ಬಿಡಿಸುವುದಕ್ಕಿಂತ ಮೊದಲು ಪ್ರಶ್ನೆ ಬದಲಾಗಲಿ. ‘ಏನ್ ಕೆಲಸ ಮಾಡ್ತೀರಿ’ ಬಿಟ್ಟು ‘ನಿನ್ನೆ ಎದ್ದಾಗಿಂದ ಏನೇನ್ ಮಾಡಿದ್ರಿ’ ಎಂದು ಕೇಳಲಿ. ಅವಳನ್ನೇ ಕೇಳಲಿ. ಈಗ ಎಷ್ಟೋ ಮನೆಗಳಲ್ಲಿ ಅವಳ ಪರವಾಗಿ ಉತ್ತರಿಸುವವನು ಗಂಡ ಇಲ್ಲವೆ ಮಾವ. ಆ ಹೊತ್ತಿಗೆ ಅವಳು ಹೊಲದಲ್ಲಿರುತ್ತಾಳೆ.