ಎರಡನೇ ನಂಬರಿನ ಕಸ

ಕೊಪ್ಪಳದಲ್ಲಿ ಮನೆ ಮುಂದೆ ಲಾನ್ ಮಾಡಿಸ್ತೀನಿ ಅಂದಾಗ ಗೆಳೆಯರು ನಕ್ಕಿದ್ದರು. ಏಪ್ರಿಲ್ ಬಂತೆಂದರೆ ಗುಡ್ಡದ ಬಂಡೆಗಳೆಲ್ಲ ಕಾದ ಹಂಚಾಗುವ ಊರಿದು. ಆದರೂ ಹದಿನೈದಡಿ ಉದ್ದ, ಹತ್ತಡಿ ಅಗಲದ ಜಾಗಕ್ಕೆ ನರ್ಸರಿಯಿಂದ 'ಬರ್ಮುಡಾ' ಹುಲ್ಲಿನ ಹಾಸು ತಂದು ಹಾಸಿಸಿದೆ. ಎದುರುಮನೆಯ ಅಜ್ಜಿ ಕಟ್ಟೆಯ ಮೇಲಿಂದ ನೋಡಿ ಅಂದಳು: "ರೊಕ್ಕಾ ಕೊಟ್ಟು ಕರಕಿ ತಂದೆಲ್ಲೋ ತಮ್ಮಾ!"

ಅಜ್ಜಿ ತಪ್ಪು ಹೇಳಿರಲಿಲ್ಲ. ಬರ್ಮುಡಾ ಅಂದರೂ ಗರಿಕೆ ಅಂದರೂ ನಮ್ಮ ಬಾಯಿಯ ಕರಕಿ ಅಂದರೂ ಗಿಡ ಒಂದೇ, ಸೈನೋಡಾನ್ ಡ್ಯಾಕ್ಟಿಲಾನ್. ಯಲಬುರ್ಗಾದ ಎರಿ ಹೊಲದ ರೈತರ ಮುಂದೆ ಅದರ ಹೆಸರೆತ್ತಿ ನೋಡಿ, ಸಿಟ್ಟೇ ಬರುತ್ತದೆ. 1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ಒಂದು ದಪ್ಪ ಪುಸ್ತಕ ತಂದರು. ಅದರಲ್ಲಿ ಗರಿಕೆಗೆ ಎರಡನೇ ಸ್ಥಾನ. ಮೂರು, ನಾಲ್ಕನೆಯವು ಗಂಗಾವತಿಯ ಗದ್ದೆಗಳಲ್ಲಿ ಭತ್ತದಂತೆಯೇ ನಿಂತು ಕಣ್ಣು ತಪ್ಪಿಸುವ ಹುಲ್ಲುಗಳು. ಮೊದಲನೆಯದು ಜೇಕು. ಅಂದರೆ ನಾನು ಎರಡನೇ ನಂಬರಿನ ಕಸವನ್ನು ದುಡ್ಡು ಕೊಟ್ಟು ತಂದು, ಅದರೊಳಗೆ ಮೊದಲನೇ ನಂಬರಿನ ಕಸ ಬಂತೆಂದು ಗೋಳಾಡುತ್ತಿದ್ದೆ.

ಜೇಕು ಬಂದದ್ದು ಹಾಸಿನ ಅಡಿಗೆಂದು ಹಾಕಿಸಿದ ಒಂದು ಟ್ರ್ಯಾಕ್ಟರ್ ಮಸಾರಿ ಮಣ್ಣಿನ ಜೊತೆ. ಮೊದಲ ವರ್ಷ ದಿನಾ ಸಂಜೆ ಕೂತು ಎಲೆ ಹಿಡಿದು ಜಗ್ಗಿದ್ದೇ ಜಗ್ಗಿದ್ದು. ಎಲೆ ಕೈಗೆ ಬರುತ್ತಿತ್ತು, ಗಡ್ಡಿ ಒಳಗೇ ಉಳಿಯುತ್ತಿತ್ತು. ಮಣ್ಣೊಳಗೆ ಈ ಗಡ್ಡಿಗಳು ಕರಿಮಣಿ ಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಸರ ಇಡಿಯಾಗಿದ್ದರೆ ಹಲವು ಗಡ್ಡಿಗಳು ನಿದ್ದೆಯಲ್ಲೇ ಇರುತ್ತವೆ. ಹರಿದರೆ ತುಂಡು ತುಂಡೂ ಎಚ್ಚರಾಗಿ ಚಿಗುರುತ್ತದೆ. ನನ್ನ ಒಂದು ವರ್ಷದ ಶ್ರಮ ಜೇಕನ್ನು ಬಿತ್ತುವುದಕ್ಕೆ ಸಂದಿತು.

ಈಗ ಬೇರೆ ದಾರಿ. ಒಳ್ಳೆಯ ಮಳೆ ಬಿದ್ದ ಮರುದಿನ, ಮಣ್ಣು ಮೆತ್ತಗಿರುವಾಗ, ಕುರ್ಪಿಯನ್ನು ಗೇಣುದ್ದ ಇಳಿಸಿ ಸರವನ್ನು ಹರಿಯದಂತೆ ಎತ್ತುತ್ತೇನೆ. ಗಡ್ಡಿಗಳನ್ನು ತಾರಸಿಯ ಮೇಲೆ ಹರವಿದರೆ ನಮ್ಮ ಬಿಸಿಲೇ ಮುಂದಿನದನ್ನು ನೋಡಿಕೊಳ್ಳುತ್ತದೆ. ಒಣಗಿದರೆ ಅವು ಸಾಯುತ್ತವೆ. ಬೇಸಿಗೆಯಲ್ಲಿ ಆಳವಾಗಿ ಹೊಲ ಉತ್ತು ಬಿಡುವ ರೈತರ ಲೆಕ್ಕವೂ ಇದೇ. ದಿನಾ ನೀರು ಹಾಯಿಸುವುದನ್ನೂ ಬಿಟ್ಟೆ, ಯಾಕೆಂದರೆ ಸದಾ ತೇವದ ನೆಲ ಜೇಕಿಗೆ ಬಲು ಪ್ರೀತಿ. ಕರಕಿ ಹಾಗಲ್ಲ. ಬೇಸಿಗೆಗೆ ಕಂದಿ ಸತ್ತಂತೆ ಬಿದ್ದಿರುತ್ತದೆ, ಒಂದು ಅಡ್ಡಮಳೆಗೆ ಎದ್ದು ಕೂರುತ್ತದೆ. ಎಳೆಯದರಲ್ಲಿ ಯಾವುದು ಹುಲ್ಲು, ಯಾವುದು ಜೇಕು ಎಂದು ಅನುಮಾನ ಬಂದರೆ ಬುಡವನ್ನು ಬೆರಳಲ್ಲಿ ಹೊರಳಿಸಿ. ಮೂರು ಮೂಲೆ ತಾಕಿದರೆ ಜೇಕು. (ಗ್ರಂಥಿಗೆ ಅಂಗಡಿಯಲ್ಲಿ ಇದೇ ಗಡ್ಡಿಯನ್ನು ಭದ್ರಮುಷ್ಟಿ ಎಂದು ಮಾರುತ್ತಾರೆ. ನನ್ನ ಹತ್ತಿರ ಒಂದು ಚೀಲ ಇದೆ, ಕೊಳ್ಳುವವರಿಲ್ಲ.)

ಔಷಧಿ ಹೊಡೆದುಬಿಡಿ ಅನ್ನುವವರಿದ್ದಾರೆ. ಗ್ಲೈಫೋಸೇಟ್ ಹೊಡೆದರೆ ಕರಕಿಯೂ ಹೋಗುತ್ತದೆ. ಜೇಕಿಗೆಂದೇ ಕಬ್ಬಿನವರು ಹೊಡೆಯುವ ಹ್ಯಾಲೊಸಲ್ಫ್ಯೂರಾನ್ ಇದೆ, ನಿಜ. ಆದರೆ ನನ್ನ ಲಾನಿನಲ್ಲಿ ಹಕ್ಕರಕಿ ಏಳುತ್ತದೆ. ಅದನ್ನು ನಾನು ಕಿತ್ತೊಗೆದಾಗ ಅದೇ ಅಜ್ಜಿ ಬೈದಿದ್ದಳು: "ಬಿಸಿ ರೊಟ್ಟಿ ಜೋಡಿ ತಿನ್ನೂದನ್ನ ತಿಪ್ಪಿಗೆ ಒಗೀತಿಯಲ್ಲೋ." ಈಗ ಅದು ಹಸಿಯಾಗಿಯೇ ನಮ್ಮ ತಾಟಿಗೆ ಬರುತ್ತದೆ. ಬಾಯಿಗೆ ಹೋಗುವ ಎಲೆಯ ಪಕ್ಕದಲ್ಲಿ ವಿಷ ಹೊಡೆಯಲು ನನಗೆ ಕೈ ಬರಲಿಲ್ಲ. ನೆಲಕ್ಕಂಟಿ ಹಬ್ಬುವ, ಮೆಂತ್ಯದಂಥ ಮೂರೆಲೆಯ ಪುಟ್ಟ ಬಳ್ಳಿಯನ್ನೂ ಹಾಗೇ ಬಿಟ್ಟಿದ್ದೇನೆ. ದ್ವಿದಳದ ಜಾತಿ, ನೆಲಕ್ಕೆ ಸಾರಜನಕ ಕೂಡಿಸುತ್ತದೆ. ಉಗುರಿನಷ್ಟು ದೊಡ್ಡ ನೀಲಿ ಚಿಟ್ಟೆಗಳೂ ಅದರ ಮೇಲೆ ಮೊಟ್ಟೆಯಿಡುತ್ತವೆ.

ಜಾಗ ಕೊಡದಿರುವುದು ಕಾಂಗ್ರೆಸ್ ಕಸಕ್ಕೆ ಮಾತ್ರ. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಚೆನ್ನಾಗಿಯೇ ಮೇಯುತ್ತದೆ, ಬೇಸಿಗೆಗೆ ಮಣ್ಣೊಳಗೆ ಮಲಗುತ್ತದೆ. ಹಾಗಾಗಿ ದುಂಬಿಗೆ ಕಾಯದೆ, ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕೀಳುವುದು ಮೇಲು.

ಇನ್ನು ಹುಳಗಳು. ಮಿರಗಾ ಮಳಿ ಬಿದ್ದು ಮಣ್ಣು ಘಮ್ಮೆಂದ ಬೆಳಿಗ್ಗೆ ಮಖಮಲ್ಲಿನ ಕೆಂಪು ಹುಳ ಹುಲ್ಲಿನ ಮೇಲೆ ಹೊರಟಿರುತ್ತದೆ. ಎಂಟು ಕಾಲಿನ ಇದು ನಿಜಕ್ಕೂ ಕೀಟವಲ್ಲ, ಜೇಡದ ಬಳಗದ್ದು. ಮಳೆಗೆ ರೆಕ್ಕೆ ಬಂದು ಹಾರಿ ಬಿದ್ದ ಗೆದ್ದಲು ಇದಕ್ಕೆ ಊಟ. ಅದೇ ವಾರ ರಾತ್ರಿ ಬೇವಿನ ಮರಕ್ಕೆ ಕಂದು ದುಂಬಿಗಳು ಮುತ್ತುತ್ತವೆ. ಇವುಗಳ ಮರಿಯೇ ಗೊಣ್ಣೆಹುಳ. ಬೇರು ತಿಂದ ಕಡೆ ಹುಲ್ಲು ಚಾಪೆಯಂತೆ ಸುರುಳಿ ಎದ್ದು ಬರುತ್ತದೆ. ಆಗ ಬೇವಿನ ಹಿಂಡಿ ಹಾಕಿ, ಎದ್ದ ಹುಲ್ಲನ್ನು ಮಗುಚಿ ಒಂದು ದಿನ ಬಿಡುತ್ತೇನೆ. ಚಂದ್ರಮುಕುಟ ಬಂದು ಉದ್ದ ಕೊಕ್ಕು ಚುಚ್ಚಿ ಒಂದೊಂದನ್ನೇ ಎಳೆಯುತ್ತದೆ, ಹಿಂದೆಯೇ ಗೊರವಂಕಗಳು. ಹೋದ ವರ್ಷ ಒಂದು ಮೂಲೆ ಪೂರ್ತಿ ಬೋಳಾಯಿತು. ಮೂರು ತಿಂಗಳಲ್ಲಿ ಕರಕಿ ತಾನೇ ಹಬ್ಬಿ ಮುಚ್ಚಿತು. ಎರಡನೇ ನಂಬರು ಸುಮ್ಮನೆ ಸಿಕ್ಕಿದ್ದಲ್ಲವಲ್ಲ.

ಗಣೇಶ ಚೌತಿಗೆ ಇಪ್ಪತ್ತೊಂದು ಗರಿಕೆ ಬೇಕಾದವರು ನಸುಕಿನಲ್ಲಿ ನಮ್ಮ ಮನೆಗೆ ಬನ್ನಿ, ಔಷಧಿ ಕಾಣದ ಹುಲ್ಲು. ಬರುವಾಗ ಒಂದು ಕುರ್ಪಿ ತನ್ನಿ.